ಎಣ್ಣೆ ಡಬ್ಬಿಯ ಎರೆಭೂತಗಳು

ನನ್ನ ಮೊಮ್ಮಗಳು ರೇಷ್ಮಾ ಎರೆಭೂತವನ್ನು ನೋಡಿದ್ದಾಳೆ! ಚಿತ್ರದಲ್ಲಲ್ಲ, ತಗಡಿನಲ್ಲಲ್ಲ, ಜೀವಂತ ಹಕ್ಕಿಯನ್ನು. ಸಿರುಗುಪ್ಪದ ಕಡೆಯ ಎರೆಹೊಲದಲ್ಲಿ, ತನ್ನ ಎರಡು ಕಣ್ಣಿಂದ. ನಿನ್ನೆ ಬೆಳಿಗ್ಗೆ ಏಳು ಗಂಟೆ ಸುಮಾರಿಗೆ ಫೋನು ಬಂತು. "ಅಜ್ಜಾ, ನೋಡ್ದೆ" ಅಂದಳು. ಅಷ್ಟೇ. ಏನು ನೋಡಿದೆ ಎಂದು ನಾನೂ ಕೇಳಲಿಲ್ಲ. ಹದಿನೆಂಟು ವರ್ಷ ನಾನು ಕಾದದ್ದು ಒಂದೇ ಒಂದು ನೋಟಕ್ಕೆ, ಅದು ಅವಳಿಗೂ ಗೊತ್ತು.

ಫೋನಿಟ್ಟವನೇ ಚಪ್ಪಲಿ ಇಲ್ಲದೆ ಬೀದಿಗೆ ಬಂದೆ. ಹಾಲಿನ ತಿಪ್ಪೇಶ ಎದುರಾದ. "ಏ ತಿಪ್ಪೇಶಾ, ರೇಷ್ಮಾ ಫೋನ್ ಮಾಡಿದ್ಲು ಕಣೋ!" ಅಂದೆ.

"ಹೌದಾ ಅಜ್ಜಾ? ಹೆರಿಗೆ ಆತಾ? ಗಂಡೋ ಹೆಣ್ಣೋ?"

"ಏ, ಆಕೀಗೆ ಇನ್ನೂ ಮದುವೇನೇ ಆಗಿಲ್ಲ. ಹಕ್ಕಿ ಕಣಪ್ಪ, ಹಕ್ಕಿ!"

ತಿಪ್ಪೇಶ ನನ್ನ ಮುಖ ನೋಡಿ, ಕ್ಯಾನು ಎತ್ತಿಕೊಂಡು ಹೋದ. ಒಳಗೆ ಬಂದರೆ ನನ್ನ ಹೆಂಡತಿ ಮಾಬೂಬಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಮಗ ಹುಟ್ಟಿದಾಗ ಇಷ್ಟು ಕುಣೀಲಿಲ್ಲ ನೀವು" ಅಂದಳು. ನಿಜ. ಮಗ ಹುಟ್ಟಿದ ದಿನ ನಾನು ಅಂಗಡಿಯಲ್ಲಿ ಕೊಳವೆ ಬೆಸೆಯುತ್ತಿದ್ದೆ.

ನಾನು ಹಿಂದೆ ತಗಡಿನ ಹಕ್ಕಿ ಮಾಡುತ್ತಿದ್ದ ಗುತ್ತೂರಿನ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಹೋದ ತಿಂಗಳು ಮನೆಗೆ ಬಂದು, "ಅಜ್ಜಾರೆ, ಆವಾಗ ಕೆಲಸ ಹೆಂಗಿತ್ತು, ಒಂದೀಟು ಬರ್ದು ಕೊಡ್ರಿ" ಎಂದು ಕೇಳಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಗಲಿ ಆಗಲಿ ಎಂದು ತಳ್ಳುತ್ತಾ ಬಂದೆ. ನಿನ್ನೆಯ ಸುದ್ದಿ ಕೇಳಿದ ಮೇಲೆ ಕೈ ಸುಮ್ಮನೆ ಕೂರುತ್ತಿಲ್ಲ. ಆದರೆ ಮಕ್ಕಳೇ, ಖುಷಿಯಲ್ಲಿ ಬರೆಯಲು ಕೂತರೂ ಮೊದಲು ಬರುವುದು ಕಹಿಯೇ. ಬಂದದ್ದನ್ನು ಬಂದಂತೆ ಬರೆಯುತ್ತೇನೆ.

ನಮ್ಮದು ತಗಡಿನ ಕೆಲಸದ ಮನೆತನ. ಹರಿಹರದ ಪೇಟೆಯಲ್ಲಿ ನಮ್ಮಪ್ಪನ ಅಂಗಡಿ ಇತ್ತು. ಎಣ್ಣೆಯ ಖಾಲಿ ಡಬ್ಬಿ ತಂದು ಬಿಚ್ಚಿ, ಕೊಡತಿಯಲ್ಲಿ ಬಡಿದು ಹಾಳೆ ಮಾಡಿ, ಅದರಲ್ಲಿ ಕೊಳವೆ, ಹಿಟ್ಟಿನ ಡಬ್ಬಿ, ಚಿಮಣಿ ಬುಡ್ಡಿ, ಕೋಳಿಗೆ ನೀರಿಡುವ ತಟ್ಟೆ ಎಲ್ಲ ಮಾಡುತ್ತಿದ್ದೆವು. ಬೆಸುಗೆ ಹಾಕಿದ ಪ್ರತಿ ಸಾಮಾನಿಗೂ ನೀರು ತುಂಬಿ, ಕಲ್ಲಿನ ಮೇಲಿಟ್ಟು, ಒಂದು ಬೀಡಿ ಸೇದುವಷ್ಟು ಹೊತ್ತು ಕಾಯಬೇಕು. ಕಲ್ಲು ಒದ್ದೆಯಾದರೆ ನಮ್ಮಪ್ಪ ಬೈಯುತ್ತಿರಲಿಲ್ಲ. ಆ ಸಾಮಾನನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ನನ್ನ ಮುಂದೆ ಇಡುತ್ತಿದ್ದ. ಇನ್ನೊಂದು ಸಲ ಶುರು ಮಾಡು ಅಂತ. ಹಾಗೆ ಕಲಿತ ಕೈ ಇದು. ಪ್ಲಾಸ್ಟಿಕ್ ಬಂದ ಮೇಲೆ ಆ ಕೈಗೆ ಕೆಲಸ ಇಲ್ಲವಾಯಿತು.

ಆಗಲೇ ದಾವಣಗೆರೆ ವಿದ್ಯಾನಗರದಿಂದ ಒಬ್ಬ ಮೇಡಂ ಸ್ಕೂಟರಿನಲ್ಲಿ ನನ್ನ ಅಂಗಡಿಗೆ ಬಂದರು. ಅವರ ಹೆಸರು ಇಲ್ಲಿ ಬೇಡ, ಮೇಡಂ ಎಂದೇ ಬರೆಯುತ್ತೇನೆ. ಕೈಯಲ್ಲಿ ಒಂದು ಚಿತ್ರ.

"ಸಾಬ್ರೆ, ಈ ಹಕ್ಕೀನ ತಗಡಿನಾಗ ಮಾಡಿಕೊಡ್ತೀರಾ?"

"ಯಾವ ಹಕ್ಕಿರೀ ಇದು? ಉಷ್ಟ್ರಪಕ್ಷಿ ಮರಿ ಇದ್ದಂಗೈತೆ."

"ಎರೆಭೂತ. ನಮ್ಮ ಕಡೆಯದೇ ಹಕ್ಕಿ. ರಾಣೆಬೆನ್ನೂರು ಕಡೆ ಬಯಲಿನಾಗ ಹಿಂದೆ ತಿರುಗಾಡ್ತಿತ್ತು. ಈಗ ಬಳ್ಳಾರಿ ಸೀಮೇಲಿ ಬೆರಳಲ್ಲಿ ಎಣಿಸೋವಷ್ಟು ಉಳಿದಾವೆ."

ಅವರು ಬಿಡಿಸಿ ಹೇಳಿದರು. ಊರಿನ ಉಳ್ಳವರು ತೋಟದಲ್ಲಿ, ಹುಲ್ಲುಹಾಸಿನ ಮೇಲೆ ಇಟ್ಟುಕೊಳ್ಳಲು ಬೊಂಬೆ ಕೊಳ್ಳುತ್ತಾರೆ. ಬಾತುಕೋಳಿ, ಜಿಂಕೆ ಬದಲು ಎರೆಭೂತ ಕೊಳ್ಳಲಿ. ಬಂದ ದುಡ್ಡು ಹಕ್ಕಿಯ ಹುಲ್ಲುಗಾವಲು ಕಾಯುವವರಿಗೆ ಹೋಗಲಿ. ಕೇಳಿ ನನಗೆ ಇಷ್ಟವಾಯಿತು. ಆದರೂ ಒಂದು ಮಾತು ಅಂದೆ: "ನಾನು ಈ ಹಕ್ಕಿ ನೋಡೇ ಇಲ್ವಲ್ರಿ. ನೋಡ್ದೆ ಹೆಂಗೆ ಮಾಡ್ಲಿ?"

"ಅದಕ್ಕೇನಂತೆ? ನಮ್ಮ ಸಂಸ್ಥೆ ಜೀಪು ವರ್ಷಾ ವರ್ಷಾ ಅಲ್ಲಿಗೆ ಹೋಗ್ತೈತಲ್ಲ. ಕರ್ಕೊಂಡು ಹೋಗಿ ತೋರಿಸ್ತೀನಿ."

ಕೂಲಿ ಎಷ್ಟು, ಕೆಲಸ ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಆ ಒಂದು ಮಾತಿಗೆ ಹೂಂ ಅಂದೆ.

ಗುತ್ತೂರಿನಲ್ಲಿ ಕಾರ್ಖಾನೆಗಳ ಹಿಂದೆ ಒಂದು ಶೆಡ್ಡು. ನಾನು ತಗಡಿಗೆ, ಹಾಲೇಶ ಬಣ್ಣಕ್ಕೆ. ಹಾಲೇಶ ಲಾರಿಗಳ ಹಿಂದೆ ಚಿತ್ರ ಬರೆಯುತ್ತಿದ್ದವನು; ಬಾಯಿ ಹರಕ, ಕೈ ಬಂಗಾರ. ಒಂದೊಂದೇ ಗರಿ ಕತ್ತರಿಸಿ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬೆಸೆಯಬೇಕು. ಕಪ್ಪು ನೆತ್ತಿ, ಬಿಳಿ ಕತ್ತು, ಕಂದು ಬೆನ್ನು. ನನ್ನ ಸೊಂಟದೆತ್ತರದ ಹಕ್ಕಿ. ಒಂದಕ್ಕೆ ಎಂಟು ಹತ್ತು ದಿನ ಹಿಡಿಯುತ್ತಿತ್ತು. ನಕ್ಷೆ ಬರೆದುಕೊಡಲು ಹೊರಗಿನಿಂದ ಒಬ್ಬ ಕಲಾವಿದರು ಬರುತ್ತಿದ್ದರು. ಅವರೂ ಹಕ್ಕಿ ನೋಡಿದವರಲ್ಲ, ಫೋಟೋ ನೋಡಿದವರು.

ಮೊದಲ ವರ್ಷದ್ದೇ ದೊಡ್ಡ ತಪ್ಪು. ಅದು ನನ್ನದೇ, ಬೇರೆ ಯಾರ ಮೇಲೂ ಹಾಕುವುದಿಲ್ಲ. ರೆಕ್ಕೆ ಸೇರುವ ಕಡೆ ಬೆನ್ನ ಮೇಲೆ ಒಂದು ಸಂದು ಬಿಡಬೇಕು ಎಂದು ನಕ್ಷೆಯಲ್ಲಿತ್ತು, ಬಿಟ್ಟೆ. ಮಳೆಗಾಲ ಬಂತು. ದಾವಣಗೆರೆಯ ಒಬ್ಬ ಡಾಕ್ಟರ ಮನೆಯಿಂದ ಮೇಡಂಗೆ ಫೋನು. ಸೊಳ್ಳೆ ನೋಡಲು ಬಂದ ಮುನಿಸಿಪಾಲ್ಟಿಯವರು ಮನೆಯ ಟ್ಯಾಂಕು, ಕುಂಡ, ಟೈರು ಎಲ್ಲ ತಡಕಿ ಏನೂ ಸಿಗದೆ ಹೊರಟಿದ್ದರಂತೆ. ಒಬ್ಬ ಸುಮ್ಮನೆ ಹಕ್ಕಿಯ ಬೆನ್ನಿನ ಸಂದಿಗೆ ಟಾರ್ಚು ಬಿಟ್ಟಿದ್ದಾನೆ. ಹೊಟ್ಟೆ ತುಂಬ ನೀರು, ನೀರು ತುಂಬ ಸೊಳ್ಳೆ ಮರಿ! ಆ ಡಾಕ್ಟರು ಜ್ವರದ ಡಾಕ್ಟರು ಬೇರೆ.

ಬೇರೆ ಯಾರು ಮಾಡಿದ್ದರೂ ಆ ನೀರು ಒಂದು ದಿನದಲ್ಲಿ ಸೋರಿ ಹೋಗುತ್ತಿತ್ತು. ನಾನು ಮಾಡಿದ್ದು. ಒಂದು ಹನಿ ಹೊರಗೆ ಬಂದಿರಲಿಲ್ಲ.

ಮೇಡಂ ಶೆಡ್ಡಿಗೆ ಬಂದು ಕೂಗಾಡಿದರು. "ಹಕ್ಕಿ ಮಾಡ್ರಿ ಅಂದ್ರೆ ಕೊಡಪಾನ ಮಾಡೀರಲ್ರಿ! ಹೋಗಿ ಎಲ್ಲಾದಕ್ಕೂ ಹೊಟ್ಟೆಗೆ ತೂತು ಹಾಕಿ ಬರ್ರಿ." ಹಾಲೇಶನ ಲೂನಾ ಮೇಲೆ ಮನೆ ಮನೆ ತಿರುಗಿದೆವು. ಹಕ್ಕಿಯನ್ನು ಬೋರಲು ಹಾಕಿ, ಹೊಟ್ಟೆಗೆ ಮೊಳೆ ಇಟ್ಟು ಹೊಡೆಯುವುದು. ಪ್ರತಿ ಏಟಿಗೂ ನಮ್ಮಪ್ಪ ಹಿಂದೆ ಬಂದು ನಿಂತಂತಾಗುತ್ತಿತ್ತು. ಗಟ್ಟಿ ಸಾಮಾನಿಗೆ ಬೇಕೆಂದೇ ತೂತು ಹಾಕಿದವನು ನಮ್ಮ ಮನೆತನದಲ್ಲಿ ನಾನೊಬ್ಬನೇ. ನನ್ನ ಮುಖ ನೋಡಿ ಹಾಲೇಶ ಅಂದ, "ಬುಡೇನ್ ಸಾಬಣ್ಣಾ, ಅಳಬ್ಯಾಡ. ಹಕ್ಕಿಗೆ ಉಚ್ಚಿ ಹೊಯ್ಯಾಕ ದೇವರೇ ಜಾಗ ಬಿಟ್ಟಾನ. ನೀನು ಮುಚ್ಚಿದ್ದಿ, ತಪ್ಪು ನಿಂದೇ."

ಎರಡನೆಯದು ಬೆರಳಿನ ಕತೆ. ಕೊಕ್ಕನೂರಿನ ಕಡೆಯ ಕುರಿ ಕಾಯುವ ಒಬ್ಬ ಮುದುಕ ಶೆಡ್ಡಿನ ನೆರಳಿಗೆ ಬಂದು ಕೂತಿದ್ದ. ಒಣಗಲು ನಿಲ್ಲಿಸಿದ್ದ ಹಕ್ಕಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೋಲಿನಿಂದ ಕಾಲು ತೋರಿಸಿ, "ಇದಕ್ಕ ಹಿಂದಿನ ಬೆರಳು ಯಾಕ ಇಟ್ಟೀಯಪ್ಪಾ?" ಅಂದ.

"ಹಕ್ಕಿ ಅಂದ ಮ್ಯಾಲೆ ಹಿಂದಿನ ಬೆರಳು ಇರಲ್ವೇನಜ್ಜಾ?"

"ಕೊಂಬೆ ಹಿಡಿಯೋ ಹಕ್ಕಿಗೆ ಇರ್ತೈತಿ. ಇದು ಮರ ಹತ್ತಲ್ಲ, ನೆಲದ ಹಕ್ಕಿ. ಮುಂದೆ ಮೂರೇ ಬೆರಳು. ಸಣ್ಣಾವಿದ್ದಾಗ ಕೆಸರಾಗ ಹೆಜ್ಜೆ ನೋಡೀನಿ."

ಮರುದಿನವೇ ಕಲಾವಿದರಿಗೆ ಹೇಳಿದೆ. ಅವರು ನಕ್ಷೆಯ ಹಾಳೆ ಮಡಚುತ್ತಾ, "ಕುರಿ ಕಾಯೋವ್ರು ಹೇಳಿದ್ದಕ್ಕೆಲ್ಲ ಡಿಸೈನ್ ಬದಲಾಯಿಸೋಕೆ ಆಗಲ್ಲ ಸಾಬ್ರೆ. ನೀವು ಬರೆದಷ್ಟು ಕತ್ತರಿಸಿ" ಅಂದರು. ಬರೆದಷ್ಟು ಕತ್ತರಿಸಿದೆ. ನಾಲ್ಕು ವರ್ಷ ನಾಲ್ಕು ಬೆರಳು. ಐದನೆಯ ವರ್ಷ ಹಕ್ಕಿಗಳ ವಿಷಯ ಓದಿದ ದೊಡ್ಡವರೊಬ್ಬರು ವಿದ್ಯಾನಗರದ ಪ್ರದರ್ಶನಕ್ಕೆ ಬಂದು, ಬಗ್ಗಿ ನೋಡಿ, ನಕ್ಕುಬಿಟ್ಟರು. ಮಾರನೆಯ ವಾರ ಮೂರು ಬೆರಳಿನ ನಕ್ಷೆ ಬಂತು. ಅದರ ಮೂಲೆಯಲ್ಲಿ ಕಲಾವಿದರ ಸಹಿ. ಮುದುಕನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು.

ಇನ್ನು ಜೀಪಿನ ಮಾತು. ಚಳಿಗಾಲದಲ್ಲಿ ಮೇಡಂ ಮನೆಯ ಅಂಗಳದಲ್ಲಿ ಹಕ್ಕಿಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಿದ್ದರು. ಅದು ಮುಗಿದ ಮೇಲೆ ಜೀಪು ಸಿರುಗುಪ್ಪದ ಕಡೆ ಹೋಗುತ್ತಿತ್ತು. ಹೆಚ್ಚು ಕೊಂಡವರಿಗೆ, ಹೆಚ್ಚು ಕೊಟ್ಟವರಿಗೆ ಹಕ್ಕಿ ತೋರಿಸಲು. ಮೊದಲನೆಯ ವರ್ಷ ತೂತಿನ ತಿರುಗಾಟದಲ್ಲಿ ಹಿಂದೆ ಬಿದ್ದ ಕೆಲಸವಿತ್ತು, ಬಿಡಿ. ಎರಡನೆಯ ವರ್ಷ ಕರೆದರು. ಮಾಬೂಬಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹಬ್ಬಕ್ಕೆ ಹೊಲಿಸಿದ ಅಂಗಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಹರಿಹರದ ಸೇತುವೆ ಹತ್ತಿರ ಜೀಪು ನಿಂತಿತು. ಅಲ್ಲಿ ಒಬ್ಬ ಗಿರಣಿ ಸಾಹುಕಾರರು, ಜೊತೆಗೆ ಅವರ ಭಾವಮೈದುನ ಕಾಯುತ್ತಿದ್ದರು. ಭಾವಮೈದುನ ಬರುವುದು ಮೇಡಂಗೆ ಗೊತ್ತಿರಲಿಲ್ಲವಂತೆ, ಒಂದು ಸೀಟು ಕಡಿಮೆ ಬಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ಸಾಬ್ರೆ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಮನೇವ್ರಲ್ವಾ? ಮುಂದಿನ ಸಲ ಹೋದ್ರಾತು."

ಇಳಿದೆ. ಸೇತುವೆ ಮೇಲೆ ನಿಂತು ಹೊಳೆ ನೋಡುತ್ತಾ ರೊಟ್ಟಿ ತಿಂದೆ. ಮನೆಗೆ ಆಗಲೇ ಹೋದರೆ ಮಾಬೂಬಿ ಕೇಳುತ್ತಾಳಲ್ಲ ಎಂದು ಸಂಜೆಯ ತನಕ ಪೇಟೆಯಲ್ಲಿ ತಿರುಗಿದೆ. ಕೊನೆಗೂ ಅವಳು ಕೇಳಿಯೇ ಕೇಳಿದಳು, "ಹೆಂಗಿತ್ರಿ ಹಕ್ಕಿ?" "ದೂರ ಇತ್ತು" ಅಂದೆ. ನನ್ನ ಜೀವನದಲ್ಲಿ ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಅದೊಂದು ಇನ್ನೂ ಚುಚ್ಚುತ್ತದೆ.

ಆಮೇಲೆ ಪ್ರತಿ ವರ್ಷ ಅದೇ. ಒಂದು ಸಲ ಮಾತ್ರ ಅಲ್ಲಿಯ ತನಕ ಹೋದೆ. ಹಕ್ಕಿಯ ಜಾಗಕ್ಕೆ ತಗಡಿನ ಫಲಕ ಹೊಡೆಯಬೇಕಿತ್ತು, ಅದಕ್ಕೆ ಕರೆದುಕೊಂಡು ಹೋದರು. ನಸುಕಿನಲ್ಲಿ ಎಲ್ಲರೂ ಹೊಲದ ಕಡೆ ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ. "ಜನ ಜಾಸ್ತಿ ಆದ್ರೆ ಹಕ್ಕಿ ಬೆದರ್ತೈತೆ. ನೀವು ಸಾಮಾನು ನೋಡ್ಕೊಂಡು ಇಲ್ಲೇ ಇರ್ರಿ" ಅಂದರು ಮೇಡಂ. ಚೀಲಗಳ ನಡುವೆ ಕೂತೆ. ಬಿಸಿಲೇರಿದ ಮೇಲೆ ಹಿಂದಿರುಗಿದರು, ಎಲ್ಲರ ಮುಖದಲ್ಲೂ ಬೆಳಕು. ಒಬ್ಬ ಅಮ್ಮ ಎದೆಯ ಮೇಲೆ ಕೈಯಿಟ್ಟು, "ನಮ್ಮ ತೋಟದಲ್ಲಿರೋದು ಎದ್ದು ಬಂದಂಗಿತ್ತು ರೀ!" ಅಂದರು. ಅವರ ನೀರಿನ ಬಾಟಲಿ ನನ್ನ ಕೈಯಲ್ಲಿತ್ತು. ಅದನ್ನು ಅವರಿಗೆ ಕೊಟ್ಟೆ. ಆ ತೋಟದ ಹಕ್ಕಿ ಮಾಡಿದವನು ಇವನೇ ಎಂದು ಮೇಡಂ ಹೇಳುತ್ತಾರೇನೋ ಎಂದು ಒಂದು ಗಳಿಗೆ ಕಾದೆ. ಅವರು ತಿಂಡಿಗೆ ಏನಿದೆ ಎಂದು ಕೇಳುತ್ತಿದ್ದರು.

ಮೇಡಂ ಕೆಟ್ಟವರಲ್ಲ. ಕರೆಂಟು ತಂತಿಗೆ ಬಡಿದು ಒಂದು ಹಕ್ಕಿ ಸತ್ತ ಸುದ್ದಿ ಬಂದ ದಿನ ಶೆಡ್ಡಿನ ಮೂಲೆಯಲ್ಲಿ ನಿಂತು ಮಕ್ಕಳಂತೆ ಅತ್ತರು. ಹಕ್ಕಿಗಾಗಿ ಅವರು ಆಸ್ತಿ ಕಳೆದುಕೊಂಡದ್ದೂ ಗೊತ್ತು. ಅವರ ಕಣ್ಣು ಯಾವಾಗಲೂ ದೂರದ ಹುಲ್ಲುಗಾವಲಿನ ಮೇಲೆ ಇತ್ತು. ಮಗ್ಗುಲಲ್ಲಿ ನಿಂತವರು ಕಾಣುತ್ತಿರಲಿಲ್ಲ, ಅಷ್ಟೇ. ಅವತ್ತು ಕಣ್ಣೊರೆಸಿಕೊಂಡು, "ರೆಕ್ಕೆ ಬಿಚ್ಚಿದ್ದು ಒಂದು ಮಾಡ್ರಿ, ಅದರ ನೆನಪಿಗೆ. ನಾಡಿದ್ದಿಗೆ ಬೇಕು" ಅಂದರು. ಎರಡು ದಿನ ಮನೆಗೆ ಹೋಗದೆ ಮಾಡಿದೆ. ನಾನು ಮಾಡಿದ್ದರಲ್ಲಿ ಅದೇ ಚೆಂದದ್ದು. ಅದರ ಕೆಳಗಿನ ಕಲ್ಲಿನಲ್ಲಿ ದಾನಿಗಳ ಹೆಸರಿದೆ.

ಕೊನೆಕೊನೆಗೆ ಕತ್ತರಿಯೂ ಹೋಯಿತು. ಹತ್ತಿರದ ಕಾರ್ಖಾನೆಯಲ್ಲಿ ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಮಿಷನ್ನೇ ದಪ್ಪ ತಗಡು ಕೊಯ್ದು ಕೊಡುತ್ತದೆ. ಚಪ್ಪಟೆ ಹಕ್ಕಿ, ದೋಸೆಯಂತೆ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಒಂದು ರಾಶಿ. ಹಾಲೇಶನ ಕುಂಚದ ಬದಲು ಪುಡಿ ಬಣ್ಣ ಊದಿ ಬೇಯಿಸುತ್ತಾರೆ. ಮಿಷನ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹಕ್ಕಿ ಬೇಗ ಮಾರಿದರೆ ಹುಲ್ಲುಗಾವಲಿಗೆ ಒಳ್ಳೆಯದೇ. ನನ್ನನ್ನು ಬೀಳ್ಕೊಟ್ಟ ದಿನ ಶಾಲು ಹೊದಿಸಿ, ನೆನಪಿನ ಕಾಣಿಕೆ ಎಂದು ಒಂದು ಹಕ್ಕಿ ಕೊಟ್ಟರು. ಮಿಷನ್ನು ಕೊಯ್ದದ್ದು. ಹಾಲೇಶ ನನ್ನ ಕಿವಿಯಲ್ಲಿ, "ತಗೋ ಅಣ್ಣಾ, ಹಿತ್ತಲ ಬಾಗಿಲಿಗೆ ಅಡ್ಡ ಇಡಾಕ ಆಗ್ತೈತಿ" ಅಂದ. ನಗಲಿಕ್ಕೆ ಆಗಲಿಲ್ಲ. ವೇದಿಕೆ ಮೇಲೆ ಮೇಡಂ, "ಸಾಬ್ರು ಎರೆಭೂತವನ್ನು ನಮಗಿಂತ ಚೆನ್ನಾಗಿ ಬಲ್ಲವರು" ಅಂದರು. ಜನ ಚಪ್ಪಾಳೆ ತಟ್ಟಿದರು. ಮೈಕು ನನ್ನ ಕೈಗೆ ಬಂತು. ನಾನು ನೋಡಿಲ್ಲ ಎಂದು ಅಲ್ಲಿಯೇ ಹೇಳಿಬಿಡಬೇಕು ಅನ್ನಿಸಿತು. "ಎಲ್ಲರಿಗೂ ನಮಸ್ಕಾರ" ಎಂದು ಹೇಳಿ ಮೈಕು ಕೊಟ್ಟೆ.

ಶೆಡ್ಡಿನ ಮಕ್ಕಳೇ, ಬುದ್ಧಿ ಹೇಳುವಷ್ಟು ಓದಿದವನಲ್ಲ ನಾನು. ಇಷ್ಟು ಮಾತ್ರ ಹೇಳುತ್ತೇನೆ. ಯಾರಾದರೂ ನಿಮ್ಮನ್ನು "ಮನೆಯವರು" ಎಂದು ಕರೆದರೆ, ಜೀಪಿನಿಂದ ಇಳಿಯುವ ಮೊದಲು ಒಂದು ಸಲ "ಯಾಕ್ರಿ?" ಎಂದು ಕೇಳಿರಿ. ಕೇಳಿದ್ದಕ್ಕೆ ಯಾರೂ ಕತ್ತು ಕೊಯ್ಯುವುದಿಲ್ಲ. ನಾನು ಒಂದು ಸಲವೂ ಕೇಳಲಿಲ್ಲ. ಅದನ್ನು ಮರ್ಯಾದೆ ಅಂದುಕೊಂಡಿದ್ದೆ.

ರೇಷ್ಮಾ ನನ್ನ ಮಗ ರಫೀಕನ ಮಗಳು. ಚಿಕ್ಕವಳಿದ್ದಾಗ ಶೆಡ್ಡಿನಲ್ಲಿ ಉಳಿದ ಗರಿಗಳನ್ನು ಕಿವಿಗೆ ಓಲೆ ಮಾಡಿಕೊಳ್ಳುತ್ತಿದ್ದಳು. ದಾವಣಗೆರೆಯಲ್ಲಿ ಡಿಗ್ರಿ ಓದಿ, ಯಾರಿಗೂ ಹೇಳದೆ ಹಕ್ಕಿ ಕಾಯುವ ಕೆಲಸಕ್ಕೆ ಅರ್ಜಿ ಹಾಕಿದಳು. ಮೇಡಂ ಕಡೆಯಿಂದಲ್ಲ, ತನ್ನಷ್ಟಕ್ಕೆ. ಹೋದ ತಿಂಗಳು ಸಿರುಗುಪ್ಪಕ್ಕೆ ಹೋದಳು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, "ಅಜ್ಜಾ, ಅಜ್ಜಿ ಹೇಳಿದ್ಲು. ನೀನು ನೋಡಿಲ್ವಂತೆ" ಅಂದಳು. ಮಾಬೂಬಿಗೆ ಗೊತ್ತಿತ್ತು! ಅಷ್ಟು ವರ್ಷ ಗೊತ್ತಿತ್ತು, ಒಂದು ದಿನ ಬಾಯಿ ಬಿಟ್ಟಿರಲಿಲ್ಲ.

ನಿನ್ನೆ ಹುಡುಗಿ ರಜೆ ಹಾಕಿ ಸಂಜೆಯ ಬಸ್ಸಿಗೆ ಬಂದೇಬಿಟ್ಟಳು. ಮುಖ ಬಿಸಿಲಿಗೆ ಕರ್ರಗಾಗಿದೆ, ಕಾಲಲ್ಲಿ ಎರೆಮಣ್ಣು ಹಾಗೇ ಇದೆ. ರಫೀಕ ಕೋಳಿ ತಂದಿದ್ದ. "ಹಕ್ಕಿ ಉಳಿಸೋ ಅಕ್ಕಾರು ಕೋಳಿ ಸಾರು ತಿಂತಾರೋ ಹೆಂಗೆ?" ಎಂದು ಮಗಳನ್ನು ಕೆಣಕಿದ. "ಕಾಲು ನಂಗೆ" ಅಂದಳು ಅವಳು. ನೆಲದ ಮೇಲೆ ಬಟ್ಟೆ ಹಾಸಿ ಎಲ್ಲರೂ ಸುತ್ತ ಕೂತೆವು. ನಾನು, ಮಾಬೂಬಿ, ರಫೀಕ, ಸೊಸೆ ಶಾಹಿನ್, ರೇಷ್ಮಾ. ರೊಟ್ಟಿ, ಸಾರು, ಅನ್ನ, ಹಸಿ ಈರುಳ್ಳಿ.

ಫೋನಿನಲ್ಲಿ ತೆಗೆದ ಫೋಟೋ ತೋರಿಸಿದಳು. ಹಳದಿ ಹುಲ್ಲು, ಆಕಾಶ, ನಡುವೆ ಎಳ್ಳಿನಷ್ಟು ಒಂದು ಚುಕ್ಕೆ. ಹತ್ತಿರ ಹೋಗುವ ಹಾಗಿಲ್ಲವಂತೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ಚುಕ್ಕೆಯೂ ಸರಿಯಾಗಿ ಕಾಣಲಿಲ್ಲ.

"ಕಾಣ್ತಾ ಅಜ್ಜಾ?"

"ಕಾಣಲಿಲ್ಲವ್ವ. ನೀನು ಹೇಳು. ನಡಿಗೆ ಹೆಂಗೈತೆ?"

ಅವಳು ಎಂಜಲು ಕೈಯಲ್ಲೇ ಎದ್ದಳು. "ಊಟದ ಮುಂದೆ ಇದೇನೇ ನಿಂದು" ಎಂದು ಶಾಹಿನ್ ಗದರಿದಳು. ರೇಷ್ಮಾ ಕೇಳಿಸಿಕೊಳ್ಳಲಿಲ್ಲ. ಕೈಗಳನ್ನು ಮೈಗೆ ಒತ್ತಿಕೊಂಡು ಕತ್ತು ನೆಟ್ಟಗೆ ಮಾಡಿದಳು. ಗದ್ದ ಸ್ವಲ್ಪ ಮೇಲೆ. ಒಂದು ಹೆಜ್ಜೆ ಇಟ್ಟಳು, ನಿಂತಳು. ಯಾರ ಹಂಗೂ ಇಲ್ಲದವಳಂತೆ ಅತ್ತ ಇತ್ತ ನೋಡಿದಳು. ಇನ್ನೊಂದು ಹೆಜ್ಜೆ. ಅವಸರವಿಲ್ಲ. ನಮ್ಮ ತಟ್ಟೆಗಳ ಸುತ್ತ, ಗೋಡೆಯ ಬದಿಯಿಂದ, ನೀರಿನ ಕೊಡ ದಾಟಿ ಹಾಗೆಯೇ ನಡೆದಳು. ರಫೀಕನಿಗೆ ನಗು ತಡೆಯಲಾಗಲಿಲ್ಲ, ಶಾಹಿನ್ ಕೂಡ ಸೆರಗು ಬಾಯಿಗಿಟ್ಟುಕೊಂಡಳು. ಮಾಬೂಬಿ ನಗಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು.

"ಇನ್ನೊಂದು ಸಲ ನಡಿಯವ್ವ" ಅಂದೆ.

ಅವಳು ಇನ್ನೊಂದು ಸುತ್ತು ನಡೆದಳು. ನನ್ನ ಕೈಯಲ್ಲಿದ್ದ ತುತ್ತು ಆರಿಹೋಗಿತ್ತು. ಮಾಬೂಬಿ ನನ್ನ ತಟ್ಟೆಗೆ ಬಿಸಿ ಸಾರು ಬಡಿಸಿದಳು. ಹುಡುಗಿ ಬಂದು ಮಗ್ಗುಲಲ್ಲಿ ಕೂತಳು. ಎಲ್ಲರೂ ಉಂಡೆವು.